ಕೆಫೆಯ ಡಿಜಿಟಲ್ ಮೆನುವಿನಲ್ಲಿ ಸ್ಯಾಂಡ್‌ವಿಚ್ ವಿಭಾಗ: ಯಾವ ಜೋಡಣೆ ಯಾವ ಅಂಗಡಿಗೆ?

ಮೆನುವಿನಲ್ಲಿ ಕಾಫಿ, ಟೀ, ಜ್ಯೂಸ್ ಬರೆಯುವುದು ಸುಲಭ. ಹೆಸರು ಬರೆದು ಎದುರಿಗೆ ಬೆಲೆ ಹಾಕಿದರೆ ಆಯಿತು. ಸ್ಯಾಂಡ್‌ವಿಚ್‌ಗೆ ಬಂದಾಗ ಲೆಕ್ಕ ಕೈಮೀರುತ್ತದೆ. ಆಲೂ ಮಸಾಲೆ ಒಂದನ್ನೇ ತೆಗೆದುಕೊಳ್ಳಿ. ಪ್ಲೇನ್, ಟೋಸ್ಟ್, ಗ್ರಿಲ್ ಎಂದು ಮೂರು ಬಗೆ. ಒಂದೊಂದರಲ್ಲೂ ಚೀಸ್ ಹಾಕಿದ್ದು, ಹಾಕದ್ದು. ಅಲ್ಲಿಗೇ ಆರಾಯಿತು. ಆರು ಬಗೆಯ ಸ್ಟಫಿಂಗ್ ಇಟ್ಟುಕೊಂಡ ಸಣ್ಣ ಕೆಫೆಗೂ 36 ಸಾಲು ಬೇಕು. ಬ್ರೌನ್ ಬ್ರೆಡ್ ಕೂಡ ಸಿಗುತ್ತದೆ ಎಂದರೆ 72.

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಹೊಸದಾಗಿ ಕೆಫೆ ಹಾಕುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಇಷ್ಟನ್ನೂ ಬರೆಯಬೇಕೆ? ಫೋಟೊ ಹಾಕಬೇಕೆ? ಟಿವಿ ತರುವುದೋ, ಟೇಬಲ್ ಮೇಲೆ ಕ್ಯೂಆರ್ ಅಂಟಿಸಿದರೆ ಸಾಕೋ? ಬಹಳ ಜನ ಮೊದಲು ಟಿವಿ ಕೊಂಡು, ಆಮೇಲೆ ಅದರಲ್ಲಿ ಏನು ತುಂಬುವುದೆಂದು ಯೋಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಿರುಗಾಮುರುಗಾ ಆಗಬೇಕು. ಸ್ಯಾಂಡ್‌ವಿಚ್‌ಗಳನ್ನು ಹೇಗೆ ಜೋಡಿಸುತ್ತೀರಿ ಎಂಬುದು ಮೊದಲು ತೀರ್ಮಾನವಾಗಲಿ. ಅದು ಸರಿಯಾದರೆ ಯಾವ ಪರದೆ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಯಾವುದರ ಮೇಲೆ ಅಳೆಯಬೇಕು?

ಮೊದಲನೆಯದು, ಗಿರಾಕಿಗೆ ಸಿಗುವ ಸಮಯ. ಕೌಂಟರ್ ಮುಂದೆ ಕ್ಯೂ ನಿಂತವರಿಗೆ ಅರ್ಧ ನಿಮಿಷವೂ ಇಲ್ಲ, ಹಿಂದಿನವರು ಕಾಯುತ್ತಿರುತ್ತಾರೆ. ಟೇಬಲ್ ಹಿಡಿದು ಕೂತವರಿಗೆ ಐದು ನಿಮಿಷ ಇರುತ್ತದೆ. ಇಬ್ಬರಿಗೂ ಒಂದೇ ಮೆನು ಹೊಂದುವುದಿಲ್ಲ.

ಎರಡನೆಯದು ಅಡುಗೆಮನೆಯ ತಾಕತ್ತು. ಮೆನು ವಿನ್ಯಾಸದ ಮಾತು ಬಂದಾಗ ಯಾರೂ ಇದನ್ನು ಎತ್ತುವುದಿಲ್ಲ, ಆದರೆ ಸ್ಯಾಂಡ್‌ವಿಚ್ ಅಂಗಡಿಗೆ ಇದೇ ದೊಡ್ಡದು. ನಿಮ್ಮ ಗ್ರಿಲ್ಲರ್ ಒಂದು ಸಲಕ್ಕೆ ಎರಡು ಹಿಡಿಯುತ್ತದೆ, ಐದು ನಿಮಿಷ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಒಂದು ಕ್ಷಣವೂ ಖಾಲಿ ಬಿಡದೆ ಓಡಿಸಿದರೂ ಗಂಟೆಗೆ 24 ಸ್ಯಾಂಡ್‌ವಿಚ್. ಸಂಜೆ ಐದಕ್ಕೆ ಕಾಲೇಜು ಬಿಟ್ಟು 40 ಜನ ಬಂದು, ಮೆನುವಿನ ನೆತ್ತಿಯಲ್ಲಿ ದೊಡ್ಡದಾಗಿ ಹೊಳೆಯುವ ಗ್ರಿಲ್ ಚೀಸ್ ಸ್ಯಾಂಡ್‌ವಿಚ್ಚನ್ನೇ ಕೇಳಿದರೆ ಅರ್ಧದಷ್ಟು ಜನ ಬೇಸತ್ತು ಹೋಗುತ್ತಾರೆ. ಮೆನು ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ಅಂಗಡಿಗೆ ನಷ್ಟ!

ಮೂರನೆಯದು, ಬದಲಾವಣೆ ಎಷ್ಟು ಸುಲಭ ಎಂಬುದು. ಟೊಮೆಟೊ ಬೆಲೆ ಏರುತ್ತದೆ, ಪನೀರ್ ಮುಗಿಯುತ್ತದೆ, ಬ್ರೆಡ್ ಕೊಡುವವರು ರಜೆ ಹಾಕುತ್ತಾರೆ. ಆಗ ಮೆನು ತಿದ್ದಲು ಡಿಸೈನರ್‌ಗೆ ಫೋನ್ ಮಾಡಿ ಎರಡು ದಿನ ಕಾಯಬೇಕಾದರೆ ಅದನ್ನು ಡಿಜಿಟಲ್ ಎಂದು ಕರೆಯುವುದರಲ್ಲಿ ಅರ್ಥವಿಲ್ಲ.

ಉಳಿದವು ಎರಡು: ಓದುವವರು ಯಾರು, ಮತ್ತು ಕೈಯಲ್ಲಿರುವ ದುಡ್ಡು. ದುಡ್ಡಿನ ವಿಷಯದಲ್ಲಿ ಆರಂಭದ ಖರ್ಚಿಗಿಂತ ತಿಂಗಳು ತಿಂಗಳು ಕಟ್ಟುವ ಬಾಡಿಗೆಯನ್ನು ಹೆಚ್ಚು ಗಮನಿಸಿ.

ಜೋಡಣೆ: ಐದು ದಾರಿ

ಎಲ್ಲವನ್ನೂ ಒಂದೊಂದು ಸಾಲಾಗಿ ಬರೆಯುವುದು ಹಳೆಯ ಪದ್ಧತಿ. ವೆಜ್ ಸ್ಯಾಂಡ್‌ವಿಚ್, ವೆಜ್ ಟೋಸ್ಟ್ ಸ್ಯಾಂಡ್‌ವಿಚ್, ವೆಜ್ ಗ್ರಿಲ್ ಸ್ಯಾಂಡ್‌ವಿಚ್, ವೆಜ್ ಚೀಸ್ ಸ್ಯಾಂಡ್‌ವಿಚ್... ಹೀಗೆ ಸಾಗುತ್ತದೆ. ಇದರಲ್ಲಿ ಒಂದು ಅನುಕೂಲವಿದೆ: ಬಿಲ್ಲಿಂಗ್ ಯಂತ್ರದಲ್ಲಿರುವ ಐಟಂ ಹೆಸರೂ ಮೆನುವಿನಲ್ಲಿರುವ ಹೆಸರೂ ಒಂದೇ ಆಗಿರುತ್ತದೆ, ಕೌಂಟರಿನಲ್ಲಿ ಕೂತ ಹೊಸ ಹುಡುಗನಿಗೂ ಗೊಂದಲವಿಲ್ಲ. ಆದರೆ ಓದುವವರ ಪಾಡು ನೋಡಿ. ಫೋನಿನ ಒಂದು ಪರದೆಗೆ ಏಳೆಂಟು ಸಾಲು ಹಿಡಿಯುತ್ತದೆ, 36 ಸಾಲಿಗೆ ನಾಲ್ಕೈದು ಸಲ ಬೆರಳಾಡಿಸಬೇಕು. ಪ್ರತಿ ಸಾಲೂ 'ಸ್ಯಾಂಡ್‌ವಿಚ್' ಎಂದೇ ಮುಗಿಯುವುದರಿಂದ ಕಣ್ಣಿಗೆ ವ್ಯತ್ಯಾಸವೇ ಬೀಳುವುದಿಲ್ಲ. ಕೊನೆಗೆ ಗಿರಾಕಿ ಮೆನು ಪಕ್ಕಕ್ಕಿಟ್ಟು "ಒಂದು ವೆಜ್ ಗ್ರಿಲ್ ಕೊಡಿ" ಎನ್ನುತ್ತಾರೆ. ನೀವು ಮನಸ್ಸಿಟ್ಟು ಮಾಡಿದ ಉಳಿದ ಐದು ಸ್ಟಫಿಂಗ್ ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಒಟ್ಟು ಸ್ಯಾಂಡ್‌ವಿಚ್ ಹತ್ತರೊಳಗಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಎರಡನೆಯದು ಬ್ರೆಡ್ ಪ್ರಕಾರ ವಿಂಗಡಿಸುವುದು. ಇದು ಬ್ರೆಡ್ಡೇ ಆಕರ್ಷಣೆಯಾಗಿರುವ ಕಡೆಗೆ ಸರಿ. ಸ್ವಂತ ಓವನ್‌ನಲ್ಲಿ ಸಾರ್‌ಡೋ, ಫೋಕಾಚಿಯ, ಕ್ರೊಸಾಂಟ್ ಸುಡುವ ಕೆಫೆಗೆ ಬರುವವರು ಬ್ರೆಡ್ ಹುಡುಕಿಕೊಂಡೇ ಬಂದಿರುತ್ತಾರೆ. ನಮ್ಮ ಅಯ್ಯಂಗಾರ್ ಬೇಕರಿಗಳಿಗೂ ಇದು ಒಗ್ಗುತ್ತದೆ: ಬನ್ನಿನಲ್ಲಿ ಏನೇನು, ಬ್ರೆಡ್ಡಿನಲ್ಲಿ ಏನೇನು ಎಂದು ಅಲ್ಲಿ ಜನ ಮೊದಲಿನಿಂದಲೂ ಕೇಳುತ್ತಾರೆ. ಕಾಂಗ್ರೆಸ್ ಎನ್ನುವ ಮಸಾಲೆ ಕಡಲೆಕಾಯಿ ಬೀಜ ತುಂಬಿದ ಬೆಣ್ಣೆ ಬನ್ನನ್ನು ಸ್ಯಾಂಡ್‌ವಿಚ್ ಪಟ್ಟಿಯ ನಡುವೆ ಸೇರಿಸಿದರೆ ಅದು ಕಾಣದಂತಾಗುತ್ತದೆ, 'ಬನ್' ಎಂಬ ತಲೆಬರಹದ ಕೆಳಗೆ ಬಂದರೆ ತಟ್ಟನೆ ಕಾಣುತ್ತದೆ. ಹೊರಗಿನಿಂದ ಸ್ಲೈಸ್ ಬ್ರೆಡ್ ತರಿಸುವ ಅಂಗಡಿಗೆ ಬ್ರೆಡ್ ಪ್ರಕಾರದ ವಿಂಗಡಣೆ ಬೇಡ. ಬ್ರೌನ್ ಬ್ರೆಡ್ ಬೇಕಾದರೆ ಇಷ್ಟು ಹೆಚ್ಚು ಎಂಬ ಒಂದು ಸಾಲು ಸಾಕು.

ಮೂರನೆಯದು ನನಗೆ ಹೆಚ್ಚು ಒಪ್ಪಿಗೆಯಾದದ್ದು. ಸ್ಟಫಿಂಗ್ ಹೆಸರನ್ನು ಒಂದೇ ಸಲ ಬರೆಯಿರಿ. ಪ್ಲೇನ್, ಟೋಸ್ಟ್, ಗ್ರಿಲ್ ಎಂಬುದನ್ನು ಅದರ ಪಕ್ಕದ ಬೆಲೆಯ ಕಂಬಗಳಾಗಿ ಹಾಕಿ. ಚೀಸ್, ಬ್ರೌನ್ ಬ್ರೆಡ್ಡನ್ನು ವಿಭಾಗದ ತಲೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿ. ಹೀಗೆ:

ಯಾವುದಕ್ಕೆ ಬೇಕಾದರೂ ಚೀಸ್ 25 ರೂ. ಹೆಚ್ಚು, ಬ್ರೌನ್ ಬ್ರೆಡ್ 10 ರೂ. ಹೆಚ್ಚು

ಆಲೂ ಮಸಾಲೆ
ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಪುದೀನ-ಕೊತ್ತಂಬರಿ ಚಟ್ನಿ
ಪ್ಲೇನ್ 50 | ಟೋಸ್ಟ್ 60 | ಗ್ರಿಲ್ 70

ಇಂಥ ಆರು ತುಣುಕು ಸೇರಿದರೆ 72 ಬಗೆಯೂ ಬಂದುಹೋಗುತ್ತವೆ. ಓದುವವರು ಮೊದಲು ಒಳಗೇನಿದೆ ಎಂದು ನೋಡುತ್ತಾರೆ, ಆಮೇಲೆ ಹೇಗೆ ಬೇಕೆಂದು ಆರಿಸುತ್ತಾರೆ. ಕೌಂಟರಿನಲ್ಲಿ ನಾವು ಬಾಯಿಬಿಟ್ಟು ಕೇಳುವ ಕ್ರಮವೂ ಇದೇ. ಬೆಲೆ ಏರಿಸುವಾಗಲೂ ಸುಲಭ, ಚೀಸ್ ದುಬಾರಿಯಾದರೆ ತಿದ್ದಬೇಕಾದ್ದು ಒಂದೇ ಅಂಕಿ. ಅಡುಗೆಮನೆಯ ಲೆಕ್ಕಕ್ಕೂ ಒಂದು ಉಪಯೋಗವಿದೆ. ಗ್ರಿಲ್ ಕಂಬದ ಮೇಲೆ '10 ನಿಮಿಷ' ಎಂದು ಬರೆದುಬಿಟ್ಟರೆ ಅವಸರದಲ್ಲಿರುವವರು ತಾವಾಗಿಯೇ ಟೋಸ್ಟ್ ಕಡೆಗೆ ತಿರುಗುತ್ತಾರೆ, ಕಾಯಲು ಒಪ್ಪಿದವರು ಜಗಳವಾಡುವುದಿಲ್ಲ. ಕೊರತೆಯೂ ಇದೆ. ಮೂರು ಕಂಬಕ್ಕಿಂತ ಹೆಚ್ಚಾದರೆ ಫೋನಿನ ಅಗಲಕ್ಕೆ ಹೊಂದುವುದಿಲ್ಲ. ಎಲ್ಲ ಸ್ಟಫಿಂಗೂ ಮೂರು ರೀತಿಯಲ್ಲಿ ಸಿಗದಿದ್ದರೆ ನಡುವೆ ಖಾಲಿ ಜಾಗ ಉಳಿದು ಗಿರಾಕಿ ಅಚ್ಚಿನ ತಪ್ಪೇನೋ ಎಂದುಕೊಳ್ಳುತ್ತಾರೆ. ಚಿಲ್ಲಿ ಚೀಸ್ ಟೋಸ್ಟ್‌ನಂಥ ಒಂದೇ ರೂಪದ ತಿಂಡಿಗಳನ್ನು ಈ ಕಂಬಗಳಿಗೆ ಬಲವಂತವಾಗಿ ಸೇರಿಸದೆ ಕೆಳಗೆ ಬೇರೆಯಾಗಿ ಬರೆಯುವುದೇ ಚೆಂದ.

ಗಿರಾಕಿಯೇ ಬ್ರೆಡ್, ಸ್ಟಫಿಂಗ್, ಚಟ್ನಿ, ಸಾಸ್ ಎಲ್ಲವನ್ನೂ ಆರಿಸಿ ಕಟ್ಟಿಕೊಳ್ಳುವುದು ನಾಲ್ಕನೆಯ ದಾರಿ. ಕೇಳಲು ಚೆಂದ. ಟೆಕ್ ಪಾರ್ಕ್ ಪಕ್ಕದಲ್ಲಿ, ಫೋನಿನಿಂದಲೇ ಆರ್ಡರ್ ಹಾಕುವ ವ್ಯವಸ್ಥೆಯಿರುವ ಕೆಫೆಯಲ್ಲಿ ಇದು ನಡೆಯುತ್ತದೆ, ಏಕೆಂದರೆ ಆರಿಸಿದ್ದೆಲ್ಲ ಚೀಟಿಯಾಗಿ ಅಡುಗೆಮನೆಯಲ್ಲಿ ಅಚ್ಚಾಗಿ ಬರುತ್ತದೆ. ಬಾಯಿಮಾತಿನ ಆರ್ಡರ್ ಇರುವ ಕಡೆ ಇದು ಬೇಡವೇ ಬೇಡ. ಬ್ರೌನ್ ಬ್ರೆಡ್, ಈರುಳ್ಳಿ ಬೇಡ, ಚಟ್ನಿ ಜಾಸ್ತಿ, ಅರ್ಧ ಚೀಸ್ ಎಂದು ರಶ್ ಹೊತ್ತಿನಲ್ಲಿ ಕೂಗಿ ಹೇಳಿದರೆ ನಾಲ್ಕರಲ್ಲಿ ಒಂದು ಮರೆತುಹೋಗುತ್ತದೆ. ವಾಪಸ್ ಬಂದ ಸ್ಯಾಂಡ್‌ವಿಚ್ಚನ್ನು ಮತ್ತೊಬ್ಬರಿಗೆ ಕೊಡಲಾಗದು.

ಕೊನೆಯದು, ಐದಾರು ಸ್ಯಾಂಡ್‌ವಿಚ್ ಮಾತ್ರ ಆರಿಸಿಕೊಂಡು ದೊಡ್ಡ ಫೋಟೊದೊಂದಿಗೆ ತೋರಿಸುವುದು. ಮಡಿಕೇರಿ, ಚಿಕ್ಕಮಗಳೂರು, ಹಂಪಿ ಕಡೆ ಹೊರಗಿನ ಪ್ರವಾಸಿಗರೇ ಹೆಚ್ಚಿರುವ ಕೆಫೆಗಳಿಗೆ ಇದು ಒಳ್ಳೆಯ ದಾರಿ. ಹೆಸರು ಗೊತ್ತಿಲ್ಲದವರೂ ಚಿತ್ರ ತೋರಿಸಿ ಕೇಳುತ್ತಾರೆ. ಆದರೆ ಫೋಟೊ ನಿಮ್ಮ ಸ್ಯಾಂಡ್‌ವಿಚ್ಚಿನದ್ದೇ ಆಗಿರಬೇಕು. ಅಂತರ್ಜಾಲದಿಂದ ಇಳಿಸಿಕೊಂಡ, ಚೀಸ್ ನೂಲಿನಂತೆ ಜಗ್ಗುವ ಚಿತ್ರ ಹಾಕಿದರೆ, ಎದುರಿಗಿಟ್ಟ ತಟ್ಟೆಯನ್ನೂ ಆ ಚಿತ್ರವನ್ನೂ ಜನ ಪಕ್ಕಪಕ್ಕ ಹಿಡಿದು ನೋಡುತ್ತಾರೆ. ಬೇರೆಯವರ ಚಿತ್ರದ ಹಕ್ಕಿನ ತಕರಾರು ಬೇರೆ. ಕಿಟಕಿಯ ಬೆಳಕಿನಲ್ಲಿ, ಕತ್ತರಿಸಿದ ಬದಿ ಮುಂದೆ ಬರುವಂತೆ, ಎಲ್ಲವನ್ನೂ ಒಂದೇ ಕೋನದಿಂದ ತೆಗೆದರೆ ಫೋನಿನ ಕ್ಯಾಮೆರಾವೇ ಸಾಕು. ಸ್ಟಫಿಂಗ್ ಕಾಣುವುದು ಕತ್ತರಿಸಿದ ಬದಿಯಲ್ಲೇ. ಮೇಲಿನಿಂದ ತೆಗೆದರೆ ಆಲೂ ಮಸಾಲೆಯೂ ಪನೀರೂ ಎರಡು ಬ್ರೆಡ್ ತುಂಡಷ್ಟೇ. ಫೋನಿನ ಫೋಟೊ ಮೂರು-ನಾಲ್ಕು ಎಂಬಿ ತೂಗುತ್ತದೆ. ಮೆನುವಿಗೆ ಹಾಕುವ ಮುನ್ನ ಅದನ್ನು 150 ಕೆಬಿ ಒಳಗೆ ತನ್ನಿ, ಇಲ್ಲದಿದ್ದರೆ ಬೆಟ್ಟದ ಮೇಲಿನ ನೆಟ್‌ವರ್ಕ್‌ನಲ್ಲಿ ಮೆನು ತೆರೆಯುವ ಹೊತ್ತಿಗೆ ಗಿರಾಕಿ ಎದ್ದಿರುತ್ತಾರೆ.

ಮೂರನೆಯದನ್ನೂ ಐದನೆಯದನ್ನೂ ಸೇರಿಸಬಹುದು. ಆರು ಸ್ಟಫಿಂಗಿನ ಪಟ್ಟಿ, ಅದರ ಮೇಲೆ ಒಂದೇ ಒಂದು ಫೋಟೊ. ಆ ಫೋಟೊ ಯಾವುದರದ್ದಾಗಿರಬೇಕು ಎಂದು ತೀರ್ಮಾನಿಸುವಾಗ ಗ್ರಿಲ್ಲರ್ ಲೆಕ್ಕ ನೆನಪಿಡಿ. ಲಾಭ ಚೆನ್ನಾಗಿದ್ದು, ಗ್ರಿಲ್ಲರಿನ ಹಂಗಿಲ್ಲದೆ ಓವನ್ನಿನಲ್ಲೋ ತವಾದಲ್ಲೋ ಆಗುವ ತಿಂಡಿಗೆ ಆ ಜಾಗ ಕೊಡಿ.

ಪರದೆ ಯಾವುದು?

ಪಿಡಿಎಫ್ ಮಾಡಿ ಕ್ಯೂಆರ್‌ಗೆ ಜೋಡಿಸುವುದು ಎಲ್ಲಕ್ಕಿಂತ ಅಗ್ಗ. ಎಲ್ಲಕ್ಕಿಂತ ಕಿರಿಕಿರಿಯದ್ದೂ ಅದೇ. ಎ4 ಹಾಳೆಗೆಂದು ಮಾಡಿದ್ದು ಫೋನಿನಲ್ಲಿ ಅಂಗೈಯಗಲಕ್ಕೆ ಕುಗ್ಗುತ್ತದೆ, ಎರಡು ಬೆರಳಿನಿಂದ ಹಿಗ್ಗಿಸಿ ಅತ್ತಿತ್ತ ಎಳೆಯಬೇಕು, ಹೆಸರು ಕಂಡರೆ ಬೆಲೆ ಕಾಣದು. ಪಿಡಿಎಫ್ಫೇ ಗತಿ ಎಂದಾದರೆ ಅದನ್ನು ಫೋನಿನ ಆಕಾರಕ್ಕೆ, ಉದ್ದನೆಯ ಕಿರಿದಾದ ಪುಟವಾಗಿ ಮಾಡಿಸಿ. ಖರ್ಚು ಅಷ್ಟೇ, ಓದುವುದು ಎಷ್ಟೋ ಸಲೀಸು.

ಸ್ವಂತ ಹೆಸರಿನ ಸರಳ ವೆಬ್ ಪುಟಕ್ಕೆ ವರ್ಷಕ್ಕೊಮ್ಮೆ ಡೊಮೈನ್ (ವೆಬ್ ವಿಳಾಸ) ದುಡ್ಡು ಕಟ್ಟಬೇಕು, ಒಮ್ಮೆ ಯಾರಿಂದಲಾದರೂ ಮಾಡಿಸಬೇಕು. ಆಮೇಲೆ ಬೆಲೆ ತಿದ್ದುವುದು ನಿಮ್ಮ ಕೈಯಲ್ಲೇ. ಇಪ್ಪತ್ತು-ಮೂವತ್ತು ಸೀಟಿನ ಕೆಫೆಗೆ ನಾನು ಹೇಳುವುದು ಇದನ್ನೇ. ಕ್ಯೂಆರ್ ಮಾಡಿಸುವಾಗ ಒಂದು ಎಚ್ಚರ: ಡೈನಾಮಿಕ್ ಕ್ಯೂಆರ್ ಎಂಬುದು ಬೇರೊಬ್ಬರ ಸರ್ವರ್ ಮೂಲಕ ಹಾದು ನಿಮ್ಮ ಪುಟಕ್ಕೆ ಬರುತ್ತದೆ. ಚಂದಾ ನಿಂತರೆ ಟೇಬಲ್ ಮೇಲೆ ಅಂಟಿಸಿದ್ದೆಲ್ಲ ಸತ್ತುಹೋಗುತ್ತದೆ. ಸ್ವಂತ ವಿಳಾಸವನ್ನೇ ನೇರವಾಗಿ ಹೊತ್ತ ಸ್ಥಿರ ಕ್ಯೂಆರ್‌ಗೆ ಆ ಭಯವಿಲ್ಲ. ಪುಟದೊಳಗಿನ ಬೆಲೆ ಎಷ್ಟು ಸಲ ಬದಲಾದರೂ ಅದು ಹಾಗೇ ಇರುತ್ತದೆ. ಮೆನು ತೋರಿಸುವ ಮೊದಲೇ ಗಿರಾಕಿಯ ಫೋನ್ ನಂಬರ್ ಕೇಳುವ ಪದ್ಧತಿಯನ್ನಂತೂ ದಯವಿಟ್ಟು ಬಿಡಿ. ಒಂದು ಸ್ಯಾಂಡ್‌ವಿಚ್ಚಿನ ಬೆಲೆ ತಿಳಿಯಲು ಯಾರೂ ಒಟಿಪಿ ಹಾಕಬೇಕಾಗಿಲ್ಲ.

ಬಿಲ್ಲಿಂಗ್ ತಂತ್ರಾಂಶಕ್ಕೆ ಜೋಡಿಸಿದ ಆರ್ಡರ್ ವ್ಯವಸ್ಥೆಗೆ ಬಾಡಿಗೆ ಕಟ್ಟುತ್ತಲೇ ಇರಬೇಕು. ಬಡಿಸುವವರು ಕಡಿಮೆಯಿದ್ದು ಟೇಬಲ್ ಹೆಚ್ಚಿರುವ ಕಡೆ ಆ ದುಡ್ಡು ಹುಟ್ಟುತ್ತದೆ. ಕೌಂಟರಿನಲ್ಲಿ ಟೋಕನ್ ಕೊಡುವ ಸಣ್ಣ ಅಂಗಡಿಗೆ ಹುಟ್ಟುವುದಿಲ್ಲ.

ಟಿವಿ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಗಣಿತ ಬೇಕು. ಹತ್ತು ಅಡಿ ದೂರದಿಂದ ಆರಾಮಾಗಿ ಓದಲು ಅಕ್ಷರ ಸುಮಾರು ಒಂದು ಇಂಚು ಎತ್ತರ ಇರಬೇಕು ಎಂಬುದು ಬೋರ್ಡ್ ಬರೆಯುವವರ ರೂಢಿಯ ಲೆಕ್ಕ. 43 ಇಂಚಿನ ಟಿವಿಯ ಎತ್ತರ 21 ಇಂಚು. ಅಕ್ಷರಕ್ಕೊಂದು ಇಂಚು, ನಡುವಿನ ಜಾಗಕ್ಕೊಂದು ಇಂಚು ಹಿಡಿದರೆ ಹತ್ತೇ ಸಾಲು. 36 ಸಾಲಿನ ಪಟ್ಟಿ ಅಲ್ಲಿ ಹಿಡಿಯುವುದೇ ಇಲ್ಲ. ಹಾಗೆಂದು ನಾಲ್ಕು ಸ್ಲೈಡ್ ಮಾಡಿ ತಿರುಗಿಸಿದರೆ, ತಮಗೆ ಬೇಕಾದ ಸ್ಲೈಡ್ ಮತ್ತೆ ಬರುವವರೆಗೆ ಗಿರಾಕಿ ಕತ್ತೆತ್ತಿ ನಿಂತಿರಬೇಕು, ಕ್ಯೂ ಬೆಳೆಯುತ್ತದೆ. ಆರು ಸ್ಟಫಿಂಗ್, ಮೂರು ಬೆಲೆ, ಒಂದು ಚೀಸ್ ಸಾಲು ಇರುವ ಪಟ್ಟಿಯಾದರೆ ಒಂದೇ ಪರದೆಯಲ್ಲಿ ಅಲ್ಲಾಡದೆ ಕೂರುತ್ತದೆ. ಸ್ಯಾಂಡ್‌ವಿಚ್ಚಿನ ಪರದೆ ತಿರುಗದಿರಲಿ. ತಿರುಗಿಸಲೇಬೇಕೆಂಬ ಆಸೆಯಿದ್ದರೆ ಐಸ್‌ಕ್ರೀಮ್ ಫೋಟೊಗಳಿಗೆ ಎರಡನೆಯ ಟಿವಿ ಇಡಿ. ದುಬಾರಿ ತಂತ್ರಾಂಶವೂ ಬೇಕಿಲ್ಲ, ಒಂದು ಜೆಪಿಜಿ ಚಿತ್ರ ಪೆನ್‌ಡ್ರೈವ್‌ನಲ್ಲಿ ಹಾಕಿ ತೋರಿಸಿದರೂ ನಡೆಯುತ್ತದೆ. ಬೆಲೆ ಬದಲಾದಾಗ ಹೊಸ ಚಿತ್ರ ಮಾಡುವವರು ಮನೆಯಲ್ಲೇ ಇರಬೇಕು, ಅಷ್ಟೇ.

ಸ್ವಿಗ್ಗಿ, ಜೊಮಾಟೊ ಕಥೆ ಬೇರೆ. ಅಲ್ಲಿ ವಿನ್ಯಾಸ ನಿಮ್ಮದಲ್ಲ, ಜೋಡಣೆ ಮಾತ್ರ ನಿಮ್ಮದು. ಒಂದೇ ಐಟಂಗೆ ಬಗೆಗಳನ್ನೂ ಹೆಚ್ಚುವರಿ ಚೀಸನ್ನೂ ಸೇರಿಸುವ ಅವಕಾಶವಿರುವುದರಿಂದ ಮೂರನೆಯ ಜೋಡಣೆ ಅಲ್ಲಿ ಹಾಗೇ ಕೂರುತ್ತದೆ. ಜನ ಹುಡುಕುವುದು 'ವೆಜ್ ಗ್ರಿಲ್ ಸ್ಯಾಂಡ್‌ವಿಚ್' ಎಂದೇ, ನೀವು ಪ್ರೀತಿಯಿಂದ ಇಟ್ಟ 'ಸಂಜೆ ಮಲ್ಲಿಗೆ ಸ್ಪೆಷಲ್' ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ಸೌತೆಕಾಯಿ, ಟೊಮೆಟೊ ಇರುವ ಪ್ಲೇನ್ ಸ್ಯಾಂಡ್‌ವಿಚ್ ದಾರಿಯಲ್ಲಿ ನೀರು ಬಿಡುತ್ತದೆ. ಗ್ರಿಲ್ ಮಾಡಿದ್ದನ್ನು ಬಿಸಿಯಾಗಿಯೇ ಮುಚ್ಚಿದ ಡಬ್ಬಿಗೆ ಹಾಕಿದರೆ ತನ್ನದೇ ಹಬೆಗೆ ಮೆತ್ತಗಾಗುತ್ತದೆ. ಹಾಗಾಗಿ ಅಂಗಡಿಯ ಪಟ್ಟಿಯನ್ನು ಪೂರ್ತಿ ಅಲ್ಲಿಗೆ ಎತ್ತಿ ಹಾಕಬೇಡಿ, ಅರ್ಧ ಗಂಟೆ ತಡೆಯುವ ಮೂರು-ನಾಲ್ಕನ್ನು ಮಾತ್ರ ಹಾಕಿ.

ಕನ್ನಡ, ಗುರುತು, ಬೆಲೆ

ಕನ್ನಡವೂ ಇಂಗ್ಲಿಷೂ ಎರಡೂ ಇರಲಿ. ಬಟನ್ ಒತ್ತಿದರೆ ಭಾಷೆ ಬದಲಾಗುವ ವ್ಯವಸ್ಥೆಗಿಂತ, ಕನ್ನಡ ದೊಡ್ಡದಾಗಿ, ಕೆಳಗೆ ಇಂಗ್ಲಿಷ್ ಸಣ್ಣದಾಗಿ ಒಟ್ಟಿಗೇ ಇರುವುದು ನನಗೆ ಸರಿ ಕಾಣುತ್ತದೆ, ಏಕೆಂದರೆ ಕನ್ನಡ ಬೇಕಾದ ಹಿರಿಯರು ಆ ಬಟನ್ ಹುಡುಕುತ್ತಾ ಕೂರುವುದಿಲ್ಲ, ಪಕ್ಕದವರನ್ನು ಕೇಳುತ್ತಾರೆ. ಆರೇ ತುಣುಕು ಇರುವುದರಿಂದ ಜಾಗವೂ ಸಾಲುತ್ತದೆ. ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ, ಹಳೆಯ ಎನ್‌ಕೋಡಿಂಗ್‌ನಲ್ಲಿ ಮಾಡಿದ್ದು ವೆಬ್ ಪುಟದಲ್ಲಿ ಗೀಚಿದಂತೆ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಉಚಿತ ಫಾಂಟ್‌ಗಳು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಟ್ಟರೆ 'ಸ್ಯಾಂಡ್‌ವಿಚ್', 'ಟೋಸ್ಟ್' ಪದಗಳ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ಬಡಿಯುತ್ತದೆ, ಕೆಲವು ಪರದೆಗಳಲ್ಲಿ ಅರ್ಧ ಕತ್ತರಿಸಿಯೇ ಹೋಗುತ್ತದೆ. ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಂತರ ಕೇಳಿ ಮಾಡಿಸಿಕೊಳ್ಳಿ.

ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ವೃತ್ತ, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ. ಬಣ್ಣ ಗುರುತಿಸಲಾಗದವರಿಗೂ ಆಕಾರದಿಂದ ತಿಳಿಯುತ್ತದೆ, ಆದ್ದರಿಂದ ಬರೀ ಬಣ್ಣದ ಚುಕ್ಕೆ ಇಟ್ಟು ಸುಮ್ಮನಾಗಬೇಡಿ. ಮಯೊನೀಸ್ ಬಳಸುತ್ತಿದ್ದರೆ ಮೊಟ್ಟೆಯದ್ದೋ ಅಲ್ಲವೋ ಎಂದು ಸ್ಪಷ್ಟವಾಗಿ ಬರೆಯಿರಿ. ಜೈನ್ ಎಂದು ಬರೆಯುವ ಮುನ್ನ ಚಟ್ನಿಗೆ ಬೆಳ್ಳುಳ್ಳಿ ಬಿದ್ದಿದೆಯೇ ನೋಡಿ. ಆಲೂಗಡ್ಡೆ, ಈರುಳ್ಳಿ ತೆಗೆದ ಮಾತ್ರಕ್ಕೆ ಮುಗಿಯಲಿಲ್ಲ. ಚಟ್ನಿಗೆ ಕಡಲೆಕಾಯಿ ಹಾಕುವವರು ಅದನ್ನೂ ಹೇಳಬೇಕು, ಅದು ಆಗದವರಿಗೆ ಜೀವದ ಪ್ರಶ್ನೆ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ, ಇಲ್ಲವೇ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಕೇಂದ್ರ ಪರವಾನಗಿ ಪಡೆದ ಸಂಸ್ಥೆಗಳು ಮೆನುವಿನಲ್ಲಿ ಕ್ಯಾಲೊರಿಯನ್ನೂ ತೋರಿಸಬೇಕೆಂಬ ನಿಯಮವಿದೆ. ಕೇಂದ್ರ ಪರವಾನಗಿ ಇಲ್ಲದ ಒಂದೇ ಅಂಗಡಿಯವರಿಗೆ ಅದು ಅನ್ವಯಿಸುವುದಿಲ್ಲ.

ಬೆಲೆಯಲ್ಲಿ ತೆರಿಗೆ ಸೇರಿಸಿಯೇ ಬರೆಯುವುದು ನೇರವಾದ ರೀತಿ. 70 ರೂ. ಎಂದು ತೋರಿಸಿ ಶೇ 5ರ ಜಿಎಸ್‌ಟಿ ಸೇರಿಸಿ 73.50 ಕೇಳಿದರೆ ಚಿಲ್ಲರೆಯ ತಂಟೆಯೂ ಬೇಸರವೂ ಒಟ್ಟಿಗೆ ಬರುತ್ತವೆ. 75 ಎಂದೇ ಬರೆದುಬಿಡಿ. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ) ಸಣ್ಣ ವ್ಯಾಪಾರಿಗಳು ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ವಸೂಲಿ ಮಾಡುವಂತೆಯೇ ಇಲ್ಲ.

ನಿಮ್ಮದು ಯಾವ ಅಂಗಡಿ?

ಕಾಲೇಜು, ಬಸ್ ಸ್ಟ್ಯಾಂಡ್ ಎದುರಿನ ನಿಂತು ತಿನ್ನುವ ಅಂಗಡಿಯಾದರೆ ಸ್ಟಫಿಂಗ್ ಪಟ್ಟಿ, ತಿರುಗದ ಒಂದು ಟಿವಿ. ಅಲ್ಲಿ ಕ್ಯೂಆರ್ ಮೆನು ಬೇಡ, ಒಂದು ಕೈಯಲ್ಲಿ ಬ್ಯಾಗ್, ಇನ್ನೊಂದರಲ್ಲಿ ಯುಪಿಐ ತೆರೆದ ಫೋನ್ ಹಿಡಿದವರು ಮತ್ತೊಂದು ಸ್ಕ್ಯಾನ್ ಮಾಡುವುದಿಲ್ಲ. ಟಿವಿಗೂ ದುಡ್ಡಿಲ್ಲದಿದ್ದರೆ ಅದೇ ಪಟ್ಟಿಯನ್ನು ಫ್ಲೆಕ್ಸ್‌ನಲ್ಲಿ ಅಚ್ಚು ಹಾಕಿಸಿ ಬೆಲೆಯ ಜಾಗದಲ್ಲಿ ಸ್ಟಿಕ್ಕರ್ ಅಂಟಿಸಿ. ಜೋಡಣೆ ಸರಿಯಿರುವ ಫ್ಲೆಕ್ಸ್, ಜೋಡಣೆ ಕೆಟ್ಟ ಟಿವಿಗಿಂತ ಹೆಚ್ಚು ಮಾರುತ್ತದೆ. ಮನೆಮಂದಿ ಕೂತು ಹರಟುವ ಬಡಾವಣೆಯ ಕೆಫೆಗೆ ವೆಬ್ ಪುಟ, ಜೊತೆಗೆ ಕೇಳಿದವರಿಗೆ ಕೊಡಲು ಕಾಗದದ ಎರಡು ಪ್ರತಿ. ಸ್ವಂತ ಓವನ್ ಇದ್ದರೆ ಬ್ರೆಡ್ ಪ್ರಕಾರದ ವಿಂಗಡಣೆ, ಒಂದೊಂದು ಬ್ರೆಡ್ಡಿಗೆ ಒಂದು ಫೋಟೊ. ಟೆಕ್ ಪಾರ್ಕ್ ಬಳಿಯವರು, ಬಾಡಿಗೆ ಕಟ್ಟುವ ಶಕ್ತಿಯಿದ್ದರೆ, ಆರ್ಡರ್ ವ್ಯವಸ್ಥೆಯೊಂದಿಗೆ ಆರಿಸಿ ಕಟ್ಟಿಕೊಳ್ಳುವ ಸ್ಯಾಂಡ್‌ವಿಚ್ ಪ್ರಯೋಗಿಸಬಹುದು. ಆಗಲೂ ಆರಿಸಲು ಮನಸ್ಸಿಲ್ಲದವರಿಗಾಗಿ ಮೇಲೆ ಮೂರು ಸಿದ್ಧ ಸ್ಯಾಂಡ್‌ವಿಚ್ ಇಡಬೇಕು.

ಯಾವುದನ್ನೇ ಆರಿಸಿದರೂ ಮೆನು ಹಾಕುವ ದಿನವೇ ಒಬ್ಬರನ್ನು ಗೊತ್ತುಮಾಡಿ. ಪನೀರ್ ಮುಗಿದ ಕೂಡಲೇ ಫೋನಿನ ಪುಟದಿಂದಲೂ, ಟಿವಿಯಿಂದಲೂ, ಡೆಲಿವರಿ ಆ್ಯಪ್‌ನಿಂದಲೂ ಅದನ್ನು ಇಳಿಸುವುದು, ಬೆಳಿಗ್ಗೆ ಸ್ಟಾಕ್ ಬಂದಾಗ ಮತ್ತೆ ಏರಿಸುವುದು ಅವರ ಕೆಲಸ. ಸಾಮಾನ್ಯವಾಗಿ ಗಲ್ಲಾದಲ್ಲಿ ಕೂರುವವರಿಗೆ ಇದು ಹೊಂದುತ್ತದೆ, ಏಕೆಂದರೆ 'ಇಲ್ಲ' ಎಂದು ಗಿರಾಕಿಗೆ ಹೇಳಬೇಕಾಗಿ ಬರುವುದು ಅವರಿಗೇ.